ಮಾನಕ ರಚನೆಯ ಕಾರ್ಯವಿಧಾನ: ದೂರುಗಳೂ ಉತ್ತರಗಳೂ

ಇಂದು ಬಹುಪಾಲು ವ್ಯಾಪಾರಸ್ಥರ ದಾಸ್ತಾನು ಪಟ್ಟಿ, ಸಂಬಳದ ತಃಖ್ತೆ, ಬಾಕಿದಾರರ ವಿವರಗಳೆಲ್ಲ ಉಳಿಯುವುದು ಎಕ್ಸೆಲ್ ಹಾಳೆಗಳಲ್ಲಿ. ಅಂಥ ಹಾಳೆಯ ಒಂದು ಕೋಶದಲ್ಲಿ 60 ಎಂಬ ಅಂಕಿಯನ್ನು ನಮೂದಿಸಿ, ಅದನ್ನು ದಿನಾಂಕದ ರೂಪದಲ್ಲಿ ತೋರಿಸುವಂತೆ ಆದೇಶಿಸಿದರೆ, 1900ನೆಯ ಇಸವಿಯ ಫೆಬ್ರವರಿ 29 ಎಂಬ ಉತ್ತರ ಬರುತ್ತದೆ. ಆದರೆ 1900 ಅಧಿಕ ವರ್ಷವಲ್ಲ. ನಾವು ಬಳಸುವ ಗ್ರೆಗೋರಿಯನ್ ಪಂಚಾಂಗದಲ್ಲಿ ಅಂಥದೊಂದು ದಿನ ಇರಲಿಲ್ಲ. ಹಿಂದಿನ ಕಾಲದ ಲೋಟಸ್ 1-2-3 ತಂತ್ರಾಂಶದಲ್ಲಿದ್ದ ಈ ದೋಷವನ್ನು, ಹಳೆಯ ಕಡತಗಳು ಕೆಡದಿರಲೆಂಬ ಉದ್ದೇಶದಿಂದ ಎಕ್ಸೆಲ್ ಹಾಗೆಯೇ ಉಳಿಸಿಕೊಂಡಿತು. ಇದೇ ಲೆಕ್ಕಾಚಾರವನ್ನು ಒಂದು ಅಂತಾರಾಷ್ಟ್ರೀಯ ಮಾನಕದ ಕರಡಿನಲ್ಲಿ ಬರೆದಾಗ 2007ರಲ್ಲಿ ಆಕ್ಷೇಪಣೆಗಳು ಬಂದವು.

ಇದು ತಾಂತ್ರಿಕ ಆಕ್ಷೇಪಣೆ. ಇಂಥದಕ್ಕೆ ಉತ್ತರಿಸುವುದು ಸುಲಭ. ಕರಡನ್ನು ತಿದ್ದಬಹುದು, ಪರ್ಯಾಯವೊಂದನ್ನು ಸೇರಿಸಬಹುದು. ಆದರೆ ಅದೇ ಕರಡಿನ ಬಗ್ಗೆ ಬಂದ ಮತ್ತೊಂದು ಬಗೆಯ ದೂರುಗಳಿಗೆ ಉತ್ತರಿಸುವುದು ಅಷ್ಟು ಸುಲಭವಾಗಲಿಲ್ಲ. ಆ ದೂರುಗಳು ಕರಡಿನಲ್ಲಿ ಏನಿದೆ ಎಂಬುದನ್ನು ಪ್ರಶ್ನಿಸಲಿಲ್ಲ. ಅದನ್ನು ಅಂಗೀಕರಿಸಿದ ಬಗೆಯನ್ನು ಪ್ರಶ್ನಿಸಿದವು. ಪರಿಶೀಲಿಸಲು ಸಾಕಷ್ಟು ಕಾಲಾವಕಾಶವಿತ್ತೇ, ಚರ್ಚೆ ನಡೆಯಿತೇ, ಮತ ಚಲಾಯಿಸಿದವರು ಯಾರು ಎಂಬ ಪ್ರಶ್ನೆಗಳವು. ಇವುಗಳನ್ನೇ ಕಾರ್ಯವಿಧಾನದ ದೂರುಗಳೆನ್ನುವುದು. ಪೈಪು, ತಂತಿ, ಆಟಿಕೆ, ಪಾದರಕ್ಷೆ, ಏನನ್ನೇ ತಯಾರಿಸುವ ಸಣ್ಣ ಉದ್ದಿಮೆದಾರನಿಗೂ ಒಂದಲ್ಲ ಒಂದು ದಿನ ಇಂಥ ದೂರು ಸಲ್ಲಿಸುವ ಪ್ರಸಂಗ ಬರಬಹುದು. ಹೀಗಾಗಿ ಇಂಥ ದೂರುಗಳನ್ನು ಮಾನಕ ಸಂಸ್ಥೆಗಳು ಯಾವ ಅಳತೆಗೋಲಿನಿಂದ ಅಳೆಯುತ್ತವೆ ಎಂಬುದನ್ನು ತಿಳಿದಿರುವುದು ಅಗತ್ಯ.

ಆರು ಸಾವಿರ ಪುಟ, ಐದು ದಿನ

ಮೇಲೆ ಹೇಳಿದ ಕರಡು ‘ಆಫೀಸ್ ಓಪನ್ ಎಕ್ಸ್‌ಎಂಎಲ್’ ಎಂಬ ಕಡತ ವಿನ್ಯಾಸದ್ದು. ಮೈಕ್ರೋಸಾಫ್ಟ್ ಸಂಸ್ಥೆ ರೂಪಿಸಿದ ಈ ವಿನ್ಯಾಸವನ್ನು ಯೂರೋಪಿನ ಎಕ್ಮಾ ಎಂಬ ಮಾನಕ ಸಂಸ್ಥೆಯು 2006ರ ಡಿಸೆಂಬರ್‌ನಲ್ಲಿ ಅಂಗೀಕರಿಸಿ, ಅಂತಾರಾಷ್ಟ್ರೀಯ ಮಾನ್ಯತೆಗಾಗಿ ಐಎಸ್‌ಒ ಮತ್ತು ಐಇಸಿ ಸಂಸ್ಥೆಗಳ ಜಂಟಿ ತಾಂತ್ರಿಕ ಸಮಿತಿಗೆ ಕಳುಹಿಸಿತು. ಕಳುಹಿಸಿದ್ದು ತ್ವರಿತ ಮಾರ್ಗದಲ್ಲಿ. ಬೇರೊಂದು ಸಂಸ್ಥೆಯಲ್ಲಿ ಆಗಲೇ ಸಿದ್ಧಗೊಂಡ ಮಾನಕವನ್ನು ಮೊದಲಿನಿಂದ ಬರೆಯುವ ಶ್ರಮವಿಲ್ಲದೆ, ನೇರವಾಗಿ ಮತದಾನಕ್ಕೆ ತರುವ ಮಾರ್ಗವಿದು. ಕರಡು ಸುಮಾರು 6,000 ಪುಟಗಳಷ್ಟಿತ್ತು. ಇದೇ ಕ್ಷೇತ್ರದಲ್ಲಿ ‘ಓಪನ್ ಡಾಕ್ಯುಮೆಂಟ್’ ಎಂಬ ಮಾನಕ 2006ರಲ್ಲಿಯೇ ಐಎಸ್‌ಒ ಮುದ್ರೆಯೊಂದಿಗೆ ಪ್ರಕಟವಾಗಿದ್ದುದರಿಂದ ಸ್ಪರ್ಧೆಯ ಬಿಸಿಯೂ ಸೇರಿಕೊಂಡಿತು.

ನಿಯಮದಂತೆ ಮೊದಲು ಒಂದು ತಿಂಗಳು, ಈ ಕರಡು ಅಸ್ತಿತ್ವದಲ್ಲಿರುವ ಮಾನಕಗಳಿಗೆ ವಿರುದ್ಧವಾಗಿದೆಯೇ ಎಂದು ಹೇಳಲು ಸದಸ್ಯ ರಾಷ್ಟ್ರಗಳಿಗೆ ಅವಕಾಶವಿತ್ತು. 2007ರ ಜನವರಿ-ಫೆಬ್ರವರಿಯಲ್ಲಿ ಹಲವು ರಾಷ್ಟ್ರಗಳು ಈ ಅವಕಾಶವನ್ನು ಬಳಸಿಕೊಂಡವು. ಆದರೂ ಕರಡು ಮತದಾನದ ಹಂತಕ್ಕೆ ಹೋಯಿತು. ಐದು ತಿಂಗಳ ಆ ಮತದಾನ 2007ರ ಸೆಪ್ಟೆಂಬರ್ 2ರಂದು ಮುಗಿದಾಗ ಅಂಗೀಕಾರ ದೊರೆಯಲಿಲ್ಲ. ಪಾಲ್ಗೊಳ್ಳುವ ಸದಸ್ಯರ ಪೈಕಿ ಮೂರನೆಯ ಎರಡರಷ್ಟು ಮತ ಬೇಕಿದ್ದಲ್ಲಿ ಶೇ. 53 ಬಂದಿತ್ತು, ವಿರೋಧದ ಮತಗಳು ಒಟ್ಟು ಮತಗಳ ಶೇ. 25 ಮೀರಬಾರದೆಂದಿದ್ದಲ್ಲಿ ಶೇ. 26 ಆಗಿತ್ತು. ಭಾರತದ ಮತ ವಿರೋಧವಾಗಿಯೇ ಇತ್ತು. ಮತಗಳ ಜೊತೆಗೆ 3,522 ಅಭಿಪ್ರಾಯಗಳು ಬಂದಿದ್ದವು. ಪುನರುಕ್ತಿಗಳನ್ನು ಒಟ್ಟುಗೂಡಿಸಿ ಎಕ್ಮಾ ಸಿದ್ಧಪಡಿಸಿದ ಉತ್ತರಗಳ ಸಂಖ್ಯೆ 1,027.

ಈ ಉತ್ತರಗಳನ್ನು ಪರಿಶೀಲಿಸಲು 2008ರ ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಸಭೆ ಸೇರಿತು. ಐದು ದಿನ. ದಿನಕ್ಕೆ ಏಳು ಗಂಟೆ ಎಂದಿಟ್ಟುಕೊಂಡರೂ ಒಟ್ಟು 2,100 ನಿಮಿಷ. ಒಂದೊಂದು ಉತ್ತರದ ಪಾಲಿಗೆ ಸುಮಾರು ಎರಡು ನಿಮಿಷ. ಕೆಲವು ಮುಖ್ಯ ವಿಷಯಗಳ ಚರ್ಚೆ ನಡೆದು, ಉಳಿದ ಬಹುಪಾಲು ಅಂಶಗಳನ್ನು ಚರ್ಚೆಯಿಲ್ಲದೆ ಲಿಖಿತ ಮತಪತ್ರದ ಮೂಲಕ ಸಗಟಾಗಿ ಇತ್ಯರ್ಥಗೊಳಿಸಲಾಯಿತು. ಸಾವಿರ ಓಚರುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಸಂಜೆಯೊಳಗೆ ಸಹಿ ಹಾಕಿರೆಂದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಆದರೆ ಐದು ದಿನ ಸಾಲದು ಎಂದು ಹೇಳುವ ನಿಯಮ ಎಲ್ಲಿಯೂ ಇರಲಿಲ್ಲ ಎಂಬುದನ್ನೂ ಗಮನಿಸಬೇಕು.

ಸಭೆಯ ನಂತರ 30 ದಿನಗಳಲ್ಲಿ ತಮ್ಮ ಹಿಂದಿನ ಮತವನ್ನು ಬದಲಿಸಲು ರಾಷ್ಟ್ರಗಳಿಗೆ ಅವಕಾಶವಿತ್ತು. ಭಾರತ ಬದಲಿಸಲಿಲ್ಲ, ಬೇರೆ ಹಲವರು ಬದಲಿಸಿದರು. 2008ರ ಏಪ್ರಿಲ್ 2ರಂದು ಫಲಿತಾಂಶ ಪ್ರಕಟವಾಯಿತು: ಪಾಲ್ಗೊಳ್ಳುವ ಸದಸ್ಯರಲ್ಲಿ ಶೇ. 75 ಪರ, ಒಟ್ಟು ಮತಗಳಲ್ಲಿ ಶೇ. 14 ವಿರೋಧ. ಕರಡು ಅಂಗೀಕೃತವಾಯಿತು.

ಇದಾದ ಮೇಲೆ ಬಂದವು ಮೇಲ್ಮನವಿಗಳು. ನಿಯಮಾವಳಿ ಕೊಟ್ಟಿದ್ದ ಎರಡು ತಿಂಗಳ ಅವಧಿಯಲ್ಲಿ ದಕ್ಷಿಣ ಆಫ್ರಿಕ, ಬ್ರೆಜಿಲ್, ಭಾರತ ಮತ್ತು ವೆನೆಜುವೆಲಾ ರಾಷ್ಟ್ರಗಳ ಮಾನಕ ಸಂಸ್ಥೆಗಳು ಮೇಲ್ಮನವಿ ಸಲ್ಲಿಸಿದವು. ಇಷ್ಟು ದೊಡ್ಡ ಕರಡಿಗೆ ತ್ವರಿತ ಮಾರ್ಗ ತಕ್ಕುದಲ್ಲ, ಜಿನೀವಾ ಸಭೆಯಲ್ಲಿ ಚರ್ಚೆಗೆ ಅವಕಾಶ ಸಿಗಲಿಲ್ಲ, ಸಗಟು ಮತದಾನವನ್ನು ಒಮ್ಮತವೆನ್ನಲಾಗದು ಎಂಬುವು ಆ ದೂರುಗಳಲ್ಲಿ ಎದ್ದು ಕಂಡ ಅಂಶಗಳು. ದಕ್ಷಿಣ ಆಫ್ರಿಕ ಮತ್ತೊಂದು ನಿರ್ದಿಷ್ಟ ಅಂಶವನ್ನೂ ಎತ್ತಿತ್ತು: ಸಭೆಯ ನಂತರ ಒಂದು ತಿಂಗಳೊಳಗೆ ತಿದ್ದುಪಡಿಯಾದ ಅಂತಿಮ ಪಾಠವನ್ನು ಸದಸ್ಯರಿಗೆ ಹಂಚಬೇಕೆಂಬ ನಿಯಮ ಪಾಲನೆಯಾಗಲಿಲ್ಲ ಎಂಬುದು.

ಐಎಸ್‌ಒ ಮತ್ತು ಐಇಸಿಗಳ ಮುಖ್ಯಾಧಿಕಾರಿಗಳು 2008ರ ಜುಲೈನಲ್ಲಿ ತಮ್ಮ ತಮ್ಮ ತಾಂತ್ರಿಕ ಆಡಳಿತ ಮಂಡಳಿಗಳಿಗೆ ವರದಿ ಕೊಟ್ಟರು. ಅದರ ಸಾರ ಚಿಕ್ಕದು. ಕರಡಿನ ಸಂಸ್ಕರಣೆ ನಿಯಮಾವಳಿಗೆ ಅನುಗುಣವಾಗಿಯೇ ನಡೆದಿದೆ. ಪ್ರತಿ ಹಂತದ ನಿರ್ಧಾರವನ್ನೂ ರಾಷ್ಟ್ರೀಯ ಸಂಸ್ಥೆಗಳೇ ಮತ ಚಲಾಯಿಸಿ, ತಮ್ಮದೇ ಹೊಣೆಯ ಮೇಲೆ ಕೈಗೊಂಡಿವೆ. ಆದ್ದರಿಂದ ಮೇಲ್ಮನವಿಗಳನ್ನು ಮುಂದುವರಿಸಬೇಕಾಗಿಲ್ಲ. ಮೇಲ್ಮನವಿ ಮುಂದುವರಿಯಲು ಎರಡೂ ಮಂಡಳಿಗಳಲ್ಲಿ ಮೂರನೆಯ ಎರಡರಷ್ಟು ಬೆಂಬಲ ಬೇಕಿತ್ತು; ಅದು ದೊರೆಯಲಿಲ್ಲವೆಂದು ಆಗಸ್ಟ್ 15ರಂದು ಪ್ರಕಟಿಸಲಾಯಿತು. ನವೆಂಬರ್‌ನಲ್ಲಿ ಐಎಸ್‌ಒ/ಐಇಸಿ 29500 ಎಂಬ ಸಂಖ್ಯೆಯೊಂದಿಗೆ ಮಾನಕ ಹೊರಬಂತು.

ಈ ಉತ್ತರವನ್ನು ಎರಡು ದೃಷ್ಟಿಯಿಂದ ನೋಡಬೇಕಾಗುತ್ತದೆ. ‘ನಿಯಮ ಮುರಿಯಲಾಗಿದೆಯೇ?’ ಎಂಬ ಪ್ರಶ್ನೆಗೆ ಅದು ಉತ್ತರ. ‘ಆರು ಸಾವಿರ ಪುಟಗಳ ಕರಡಿಗೆ ಆ ನಿಯಮ ತಕ್ಕುದಾಗಿತ್ತೇ?’ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ದೂರಿನ ನಿಜವಾದ ಹುರುಳಿದ್ದುದು ಎರಡನೆಯ ಪ್ರಶ್ನೆಯಲ್ಲಿ. ಆದರೆ ಆ ಪ್ರಶ್ನೆಗೆ ತಕ್ಕ ವೇಳೆ 2007ರ ಆರಂಭವಾಗಿತ್ತು. ಆಗ ಕರಡು ತ್ವರಿತ ಮಾರ್ಗಕ್ಕೆ ಪ್ರವೇಶಿಸುತ್ತಿತ್ತಷ್ಟೆ. ಮೇಲ್ಮನವಿಗಳು ಬಂದದ್ದು ಎರಡು ಮತದಾನಗಳು ಮುಗಿದು ಫಲಿತಾಂಶ ಪ್ರಕಟವಾದ ಮೇಲೆ. ತೆರಿಗೆ ನಿರ್ಧಾರಣೆಯ ವೇಳೆ ಅಧಿಕಾರಿಯ ಮುಂದಿಡದ ದಾಖಲೆಯನ್ನು ಮೇಲ್ಮನವಿಯ ಹಂತದಲ್ಲಿ ಮೊದಲ ಬಾರಿಗೆ ಹೊರತೆಗೆದವರಿಗೆ ಈ ಕಷ್ಟದ ಪರಿಚಯವಿರುತ್ತದೆ.

ಸೋತ ಮೇಲ್ಮನವಿಗಳು ನಿಷ್ಫಲವಾದವೆಂದೂ ಹೇಳುವಂತಿಲ್ಲ. ಉತ್ತರ ತೃಪ್ತಿಕರವಾಗದ ಕಾರಣ ಅದೇ ಆಗಸ್ಟ್‌ನಲ್ಲಿ ಬ್ರೆಜಿಲ್, ದಕ್ಷಿಣ ಆಫ್ರಿಕ, ವೆನೆಜುವೆಲಾ ಸೇರಿದಂತೆ ಆರು ರಾಷ್ಟ್ರಗಳ ಸರ್ಕಾರಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು, ಐಎಸ್‌ಒ ಮಾನ್ಯತೆಯೊಂದನ್ನೇ ಆಧಾರವಾಗಿ ಹಿಡಿಯುವ ತಮ್ಮ ರೂಢಿಯನ್ನು ಮರುಪರಿಶೀಲಿಸಬೇಕಾಗಬಹುದೆಂದು ಬಹಿರಂಗವಾಗಿ ಹೇಳಿದವು. ಮಾನಕ ಸಂಸ್ಥೆಯ ಬಂಡವಾಳವೇ ನಂಬಿಕೆ. ದೂರನ್ನು ವಜಾ ಮಾಡಿದ ಉತ್ತರ ಲೆಕ್ಕಪುಸ್ತಕದಲ್ಲಿ ಸರಿಹೊಂದಿದರೂ ಆ ಬಂಡವಾಳದಲ್ಲಿ ಒಂದಿಷ್ಟು ಕರಗಿತೆಂದೇ ಹೇಳಬೇಕು.

ನಿಯಮವನ್ನು ಮುರಿಯದೆ ಬಳಸಿ ಹೋದವರು

ಈ ವಿಷಯದಲ್ಲಿ ಸಣ್ಣ ತಯಾರಕರಿಗೆ ಇನ್ನೂ ಹತ್ತಿರವಾದ ಪ್ರಕರಣವೊಂದು ಅಮೆರಿಕದಲ್ಲಿ 1980ರಲ್ಲಿ ನಡೆಯಿತು. ಕಟ್ಟಡಗಳ ಗೋಡೆಯೊಳಗೆ ವಿದ್ಯುತ್ ತಂತಿ ಎಳೆಯಲು ಬಳಸುವ ಕಾಂಡ್ಯುಯಿಟ್ ಪೈಪುಗಳು ಅಲ್ಲಿ ಬಹುಕಾಲ ಉಕ್ಕಿನವೇ ಆಗಿದ್ದವು. ಪಿವಿಸಿ ಪೈಪು ತಯಾರಿಸುವ ಒಂದು ಕಂಪನಿಯು, ತನ್ನ ಉತ್ಪನ್ನಕ್ಕೂ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಅವಕಾಶ ಬೇಕೆಂದು ಪ್ರಸ್ತಾವ ಸಲ್ಲಿಸಿತು. ಆ ಸಂಹಿತೆಯನ್ನು ರೂಪಿಸುವುದು ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಎಂಬ ಖಾಸಗಿ ಸಂಸ್ಥೆ. ಆದರೆ ಸ್ಥಳೀಯ ಆಡಳಿತಗಳು ಬಹುಮಟ್ಟಿಗೆ ಅದನ್ನೇ ಕಾನೂನಾಗಿ ಅಳವಡಿಸಿಕೊಳ್ಳುತ್ತಿದ್ದುದರಿಂದ, ಅದರಲ್ಲಿ ಹೆಸರಿಲ್ಲದ ಸರಕಿಗೆ ಮಾರುಕಟ್ಟೆಯೇ ಇಲ್ಲವೆಂಬಂತಿತ್ತು. ತಜ್ಞರ ಸಮಿತಿ ಪ್ರಸ್ತಾವವನ್ನು ಒಪ್ಪಿತು. ಉಳಿದದ್ದು ವಾರ್ಷಿಕ ಸಭೆಯ ಅನುಮೋದನೆ ಮಾತ್ರ.

ಉಕ್ಕಿನ ಪೈಪಿನ ದೊಡ್ಡ ತಯಾರಕರು ಇದನ್ನು ತಡೆಯಲು ನಿಶ್ಚಯಿಸಿದರು. ಸಂಘದ ಸದಸ್ಯತ್ವ ಹಣ ಕಟ್ಟಿದವರಿಗೆಲ್ಲ ಮುಕ್ತವಾಗಿತ್ತು. ಅವರು ತಮ್ಮ ನೌಕರರು, ಮಾರಾಟಗಾರರು ಮೊದಲಾಗಿ 230 ಮಂದಿಯನ್ನು ಹೊಸ ಸದಸ್ಯರನ್ನಾಗಿಸಿ, ಖರ್ಚು ಭರಿಸಿ ಸಭೆಗೆ ಕರೆತಂದು, ಎಲ್ಲಿ ಕೂರಬೇಕು, ಹೇಗೆ ಮತ ಹಾಕಬೇಕೆಂದು ಸೂಚನೆ ಕೊಡಿಸಿದರು. ಪ್ರಸ್ತಾವವನ್ನು ಸಮಿತಿಗೆ ಹಿಂದಿರುಗಿಸುವ ನಿರ್ಣಯ 394-390 ಮತಗಳಿಂದ, ಅಂದರೆ ಕೇವಲ ನಾಲ್ಕು ಮತಗಳ ಅಂತರದಿಂದ, ಗೆದ್ದಿತು. ಹೀಗೆ ಕರೆತಂದ 230 ಮಂದಿ ಆ ಸಭಾಂಗಣದಲ್ಲಿ ಇರದಿದ್ದರೆ ಫಲಿತಾಂಶ ಏನಾಗುತ್ತಿತ್ತೆಂದು ಲೆಕ್ಕ ಹಾಕಲು ಗಣಕಯಂತ್ರ ಬೇಕಾಗಿಲ್ಲ.

ಪಿವಿಸಿ ಕಂಪನಿ ಸಂಘದ ನಿರ್ದೇಶಕ ಮಂಡಳಿಗೆ ಮೇಲ್ಮನವಿ ಸಲ್ಲಿಸಿತು. ಮಂಡಳಿಯ ಉತ್ತರ ಮನನೀಯವಾದದ್ದು: ನಿಯಮಗಳನ್ನು ಬಳಸಿ ಹೋಗಿರುವುದು ನಿಜ, ಆದರೆ ಮುರಿದಿಲ್ಲ, ಆದ್ದರಿಂದ ಮೇಲ್ಮನವಿ ವಜಾ. ಸಂಘದೊಳಗೆ ಪರಿಹಾರ ಸಿಗದ ಕಂಪನಿ, ಏಕಸ್ವಾಮ್ಯ ವಿರೋಧಿ ಕಾನೂನಿನಡಿ ನ್ಯಾಯಾಲಯಕ್ಕೆ ಹೋಯಿತು. ‘ಅಲೈಡ್ ಟ್ಯೂಬ್ ವಿರುದ್ಧ ಇಂಡಿಯನ್ ಹೆಡ್’ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ (ಹೆಸರಿನಲ್ಲಿ ಇಂಡಿಯನ್ ಎಂದಿದ್ದರೂ ನಮ್ಮ ದೇಶಕ್ಕೂ ಆ ಕಂಪನಿಗೂ ಸಂಬಂಧವಿಲ್ಲ) ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ತೀರ್ಪು ನೀಡಿತು. ಸರ್ಕಾರಕ್ಕೆ ಅಹವಾಲು ಸಲ್ಲಿಸುವವರಿಗಿರುವ ಕಾನೂನಿನ ರಕ್ಷಣೆ, ಖಾಸಗಿ ಮಾನಕ ಸಂಸ್ಥೆಯ ಸಭೆಯನ್ನು ತಮ್ಮವರಿಂದ ತುಂಬಿಸಿದ ಮಾರುಕಟ್ಟೆ ಸ್ಪರ್ಧಿಗೆ ದೊರೆಯದು ಎಂಬುದು ಅದರ ತಾತ್ಪರ್ಯ. ತೀರ್ಪುಗಾರರ ಮಂಡಳಿ ನಿಗದಿಪಡಿಸಿದ್ದ ನಷ್ಟದ ಮೊತ್ತ 38 ಲಕ್ಷ ಡಾಲರ್. ಆ ಕಾನೂನಿನ ಪ್ರಕಾರ ಅದು ಮೂರು ಪಟ್ಟಾಗುತ್ತದೆ.

ಎಂಟು ವರ್ಷಗಳ ಈ ಹೋರಾಟದ ಖರ್ಚನ್ನು ಭರಿಸಬಲ್ಲ ಸಣ್ಣ ಉದ್ದಿಮೆಗಳು ಎಷ್ಟಿವೆ? ಇದರಿಂದ ಸ್ಪಷ್ಟವಾಗುವ ಅಂಶವೆಂದರೆ, ಮಾನಕ ಸಂಸ್ಥೆಯ ಒಳಗಿನ ಮೇಲ್ಮನವಿ ವ್ಯವಸ್ಥೆಯು ‘ಅನ್ಯಾಯವಾಗಿದೆ’ ಎಂಬ ಮಾತನ್ನು ಆಲಿಸುವುದಿಲ್ಲ. ‘ಇಂಥ ನಿಯಮದ ಇಂಥ ಉಪಬಂಧ ಪಾಲನೆಯಾಗಿಲ್ಲ’ ಎಂಬ ಮಾತನ್ನು ಮಾತ್ರ ಆಲಿಸುತ್ತದೆ.

ಸ್ವೀಡನ್ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಆಫೀಸ್ ಓಪನ್ ಎಕ್ಸ್‌ಎಂಎಲ್ ಬಗ್ಗೆ ಆ ದೇಶದ ನಿಲುವನ್ನು ನಿರ್ಧರಿಸಲು 2007ರ ಆಗಸ್ಟ್‌ನಲ್ಲಿ ಸಮಿತಿ ಸೇರಿದಾಗ, ಕೊನೆಯ ಗಳಿಗೆಯಲ್ಲಿ ಶುಲ್ಕ ಕಟ್ಟಿ ಹಲವು ಕಂಪನಿಗಳು ಸದಸ್ಯರಾಗಿ ಮತ ಹಾಕಿದವು. ಇದರ ಬಗ್ಗೆ ಗದ್ದಲವೆದ್ದಿತು. ಆದರೆ ಅಲ್ಲಿನ ಮಾನಕ ಸಂಸ್ಥೆ ಮತದಾನವನ್ನು ರದ್ದುಪಡಿಸಿದ್ದು ಆ ಕಾರಣಕ್ಕಲ್ಲ. ಒಬ್ಬ ಸದಸ್ಯ ಒಂದಕ್ಕಿಂತ ಹೆಚ್ಚು ಮತ ಹಾಕಿದ್ದು ದಾಖಲೆಯಿಂದ ಕಂಡುಬಂದ ಕಾರಣಕ್ಕೆ. ಹೊಸಬರು ಗುಂಪಾಗಿ ಸೇರಿದ್ದನ್ನು ನಿಯಮ ನಿಷೇಧಿಸಿರಲಿಲ್ಲ. ಎರಡು ಮತ ಹಾಕುವುದನ್ನು ನಿಷೇಧಿಸಿತ್ತು. ಮರುಮತದಾನಕ್ಕೆ ಸಮಯವಿಲ್ಲದೆ ಸ್ವೀಡನ್ ತಟಸ್ಥವಾಗುಳಿಯಿತು.

ಯಾವ ಬಾಗಿಲು ತಟ್ಟಬೇಕು

ದೂರಿನಲ್ಲಿ ಹುರುಳಿದ್ದರೂ ತಪ್ಪು ಬಾಗಿಲು ತಟ್ಟಿದರೆ ಉತ್ತರ ಸಿಗದು. ನಾರ್ವೆಯಲ್ಲಿ ತಾಂತ್ರಿಕ ಸಮಿತಿಯ ಬಹುಸಂಖ್ಯಾತರು ವಿರೋಧಿಸಿದರೂ ಅಲ್ಲಿನ ಮಾನಕ ಸಂಸ್ಥೆ 2008ರಲ್ಲಿ ಪರವಾಗಿ ಮತ ಹಾಕಿತು. ಪ್ರತಿಭಟನೆ ಐಎಸ್‌ಒ ತನಕ ಹೋಯಿತಾದರೂ ದಾಖಲಾದ ಮತ ಬದಲಾಗಲಿಲ್ಲ. ರಾಷ್ಟ್ರದ ಮತವನ್ನು ನಿರ್ಧರಿಸುವುದು ಆಯಾ ರಾಷ್ಟ್ರದ ಸಂಸ್ಥೆಯ ಹೊಣೆ. ಮುಂದೆ ಆ ಸಮಿತಿಯ 13 ಸದಸ್ಯರು ರಾಜೀನಾಮೆ ಕೊಟ್ಟು ಹೊರನಡೆದರು. ಬ್ರಿಟನ್ನಿನಲ್ಲಿ ಬಳಕೆದಾರರ ಸಂಘವೊಂದು ಅಲ್ಲಿನ ಮಾನಕ ಸಂಸ್ಥೆಯ ವಿರುದ್ಧ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಕಾರ್ಯವಿಧಾನ ಉಲ್ಲಂಘನೆಯಾದುದು ಮೇಲ್ನೋಟಕ್ಕೆ ಕಾಣುವುದಿಲ್ಲವೆಂದು 2008ರ ಜೂನ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು.

ಇದಕ್ಕೆ ಪ್ರತಿಯಾಗಿ, ಕೆಲಸ ನಡೆಯುತ್ತಿರುವಾಗಲೇ ಬಂದ ದೂರಿಗೆ ದೊರೆತ ಉತ್ತರ ಎಷ್ಟು ಭಿನ್ನವಾಗಿರಬಲ್ಲದು ಎಂಬುದಕ್ಕೂ ನಿದರ್ಶನವಿದೆ. ಸಂಚಾರಿ ಬ್ರಾಡ್‌ಬ್ಯಾಂಡ್‌ಗೆ ಸಂಬಂಧಿಸಿದ 802.20 ಎಂಬ ಮಾನಕವನ್ನು ರೂಪಿಸುತ್ತಿದ್ದ ಕಾರ್ಯಗುಂಪಿನ ಮೇಲೆ, ಪಾರದರ್ಶಕತೆಯಿಲ್ಲ, ಒಂದು ಪಕ್ಷದ ಪ್ರಾಬಲ್ಯ ನಡೆಯುತ್ತಿದೆ ಎಂಬ ದೂರುಗಳು ಐಇಇಇ ಸಂಸ್ಥೆಗೆ ಬಂದವು. 2006ರ ಜೂನ್‌ನಲ್ಲಿ ಸಂಸ್ಥೆಯ ಮಾನಕ ಮಂಡಳಿ ಆ ಗುಂಪಿನ ಎಲ್ಲ ಚಟುವಟಿಕೆಗಳನ್ನು ಅಕ್ಟೋಬರ್ 1ರವರೆಗೆ ಅಮಾನತಿನಲ್ಲಿಟ್ಟಿತು, ಪದಾಧಿಕಾರಿಗಳನ್ನು ಬದಲಿಸಿತು, ಮುಂದಿನ ವರ್ಷ ವ್ಯಕ್ತಿಗೊಂದು ಮತದ ಬದಲು ಸಂಸ್ಥೆಗೊಂದು ಮತವೆಂಬ ಪದ್ಧತಿ ತಂದಿತು. ಬೇರೆ ಬೇರೆ ವ್ಯಕ್ತಿಗಳ ಹೆಸರಿನಲ್ಲಿ ಒಂದೇ ಕಂಪನಿಯ ಮತಗಳು ಬೀಳುವ ದಾರಿ ಇದರಿಂದ ಮುಚ್ಚಿತು. ಮಾನಕ 2008ರಲ್ಲಿ ಅಂಗೀಕಾರವಾಯಿತು. ಅಷ್ಟರಲ್ಲಿ ಮಾರುಕಟ್ಟೆ ಬೇರೆ ತಂತ್ರಜ್ಞಾನಗಳತ್ತ ಹೊರಳಿತ್ತು ಎಂಬುದೂ ನಿಜ. ದೂರನ್ನು ಗಂಭೀರವಾಗಿ ಪರಿಗಣಿಸುವುದಕ್ಕೂ ಬೆಲೆಯುಂಟು. ಅದನ್ನು ದೂರುದಾರನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮಲ್ಲಿನ ವ್ಯವಸ್ಥೆ

ಭಾರತದಲ್ಲಿ ಮಾನಕ ರಚನೆಯ ಹೊಣೆ ಭಾರತೀಯ ಮಾನಕ ಬ್ಯೂರೋದ್ದು. 1986ರ ಕಾಯ್ದೆಯ ಬದಲು ಬಂದ 2016ರ ಕಾಯ್ದೆ 2017ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. ವಿಷಯವಾರು ಸಮಿತಿಗಳು ಕರಡು ಸಿದ್ಧಪಡಿಸುತ್ತವೆ. ಅವುಗಳಲ್ಲಿ ತಯಾರಕರು, ಬಳಕೆದಾರರು, ಪ್ರಯೋಗಾಲಯಗಳು, ಸರ್ಕಾರಿ ಇಲಾಖೆಗಳ ಪ್ರತಿನಿಧಿಗಳಿರುತ್ತಾರೆ. ಪ್ರಾಥಮಿಕ ಕರಡು ಸಮಿತಿಯೊಳಗೆ ಚರ್ಚೆಯಾಗಿ, ನಂತರ ವ್ಯಾಪಕ ಪ್ರಸರಣದ ಕರಡಾಗಿ ಸಾರ್ವಜನಿಕರ ಮುಂದೆ ಬರುತ್ತದೆ. ಅಭಿಪ್ರಾಯ ತಿಳಿಸಲು ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶವಿರುತ್ತದೆ.

ಈ 60 ದಿನಗಳು ಬ್ಯೂರೋದ ಔದಾರ್ಯವಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ‘ವ್ಯಾಪಾರಕ್ಕೆ ತಾಂತ್ರಿಕ ಅಡೆತಡೆಗಳ ಒಪ್ಪಂದ’ದ ಮೂರನೆಯ ಅನುಬಂಧದಲ್ಲಿ ಮಾನಕ ಸಂಸ್ಥೆಗಳಿಗೊಂದು ಸದಾಚಾರ ಸಂಹಿತೆಯಿದೆ. ಕರಡಿನ ಮೇಲೆ ಅಭಿಪ್ರಾಯ ಸಲ್ಲಿಸಲು ಕನಿಷ್ಠ 60 ದಿನ ಕೊಡಬೇಕು. ಸುರಕ್ಷತೆ, ಆರೋಗ್ಯ ಅಥವಾ ಪರಿಸರದ ತುರ್ತು ಸಮಸ್ಯೆಗಳಿದ್ದಾಗ ಮಾತ್ರ ಅದನ್ನು ಕಡಿತಗೊಳಿಸಬಹುದು. ಬಂದ ಅಭಿಪ್ರಾಯಗಳನ್ನು ಮುಂದಿನ ಸಂಸ್ಕರಣೆಯಲ್ಲಿ ಗಣನೆಗೆ ತೆಗೆದುಕೊಳ್ಳಬೇಕು. ಸಂಹಿತೆಯ ಪಾಲನೆಯ ಬಗ್ಗೆ ದೂರು ಬಂದರೆ ಸಹಾನುಭೂತಿಯಿಂದ ಆಲಿಸಿ, ಇತ್ಯರ್ಥಕ್ಕೆ ವಸ್ತುನಿಷ್ಠ ಪ್ರಯತ್ನ ಮಾಡಬೇಕು ಎಂದು ಅದು ವಿಧಿಸುತ್ತದೆ. ಕೊನೆಯ ಮಾತನ್ನು ನಮ್ಮ ಉದ್ದಿಮೆದಾರರು ಅಷ್ಟಾಗಿ ಬಳಸಿಕೊಂಡಂತೆ ಕಾಣುವುದಿಲ್ಲ.

ಹಾಗೆಂದು ಒಮ್ಮತವೆಂದರೆ ಸರ್ವಾನುಮತವಲ್ಲ. ಮುಖ್ಯ ಹಿತಾಸಕ್ತಿಯ ಯಾವುದೇ ವರ್ಗದಿಂದ ಮೂಲಭೂತ ವಿಷಯಗಳ ಬಗ್ಗೆ ಪಟ್ಟುಬಿಡದ ವಿರೋಧ ಇಲ್ಲದಿರುವುದು ಮತ್ತು ಎಲ್ಲರ ಅಭಿಪ್ರಾಯಗಳನ್ನು ಪರಿಗಣಿಸುವ ಪ್ರಯತ್ನ ನಡೆದಿರುವುದು ಎಂಬುದು ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಅರ್ಥ. ವಿರೋಧ ಪಟ್ಟುಬಿಡದ್ದು ಎಂದು ತೋರಬೇಕಾದರೆ ಅದು ಮೊದಲ ಹಂತದಿಂದಲೇ ಬರವಣಿಗೆಯಲ್ಲಿ ಇರಬೇಕಾಗುತ್ತದೆ. ಐಎಸ್‌ಒ ಮತದಾನದಲ್ಲಿ ತಾಂತ್ರಿಕ ಕಾರಣ ನೀಡದ ವಿರೋಧದ ಮತವನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ.

ಅಭಿಪ್ರಾಯ ಸಲ್ಲಿಸುವ ನಮೂನೆಯಲ್ಲಿ ಖಂಡದ ಸಂಖ್ಯೆ, ಅಭಿಪ್ರಾಯದ ಬಗೆ, ಅಭಿಪ್ರಾಯ, ಸೂಚಿತ ಬದಲಾವಣೆ ಇತ್ಯಾದಿ ಕಾಲಮುಗಳಿರುತ್ತವೆ. ಸಣ್ಣ ಉದ್ದಿಮೆಗಳಿಂದ ಹೋಗುವ ಪತ್ರಗಳಲ್ಲಿ ಸಾಮಾನ್ಯವಾಗಿ ಖಾಲಿ ಉಳಿಯುವುದು ‘ಸೂಚಿತ ಬದಲಾವಣೆ’. ‘ಈ ಪರೀಕ್ಷೆ ಸಣ್ಣ ಘಟಕಗಳಿಗೆ ಹೊರೆ’ ಎಂದು ಬರೆದರೆ ಸಮಿತಿ ಅದನ್ನು ಗಮನಿಸಿ ಬದಿಗಿಡಬಹುದು. ಯಾವ ಖಂಡದ ಯಾವ ಪರೀಕ್ಷೆ, ಅದರ ಬದಲು ಯಾವ ಪರೀಕ್ಷೆಯಿಂದ ಅದೇ ಉದ್ದೇಶ ಸಾಧ್ಯ, ಉಪಕರಣದ ಬೆಲೆಯೆಷ್ಟು ಎಂದು ಬರೆದರೆ, ಒಪ್ಪಿದೆ ಅಥವಾ ಇಂಥ ಕಾರಣಕ್ಕೆ ಒಪ್ಪಿಲ್ಲ ಎಂದು ಸಮಿತಿ ಬರೆಯಲೇಬೇಕಾದ ಪರಿಸ್ಥಿತಿ ಉಂಟಾಗುತ್ತದೆ. ಕಾರ್ಯವಿಧಾನದ ದೂರಿಗೆ ಆಧಾರ ಸಿಗುವುದು ಇಲ್ಲಿಯೇ. ಉತ್ತರ ಬಾರದಿದ್ದರೆ ಸದರಿ ಅಭಿಪ್ರಾಯವನ್ನು ಇಂಥ ದಿನ ಸಲ್ಲಿಸಲಾಗಿತ್ತು, ನಡವಳಿಯಲ್ಲಿ ಅದರ ಪ್ರಸ್ತಾಪವಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಜೊತೆಗೆ ಬೇಕಾದ ಪರಿಹಾರವನ್ನೂ ಸ್ಪಷ್ಟವಾಗಿ ಕೇಳಬೇಕು: ಕಾಲಾವಧಿ ವಿಸ್ತರಣೆಯೇ, ಸಮಿತಿಯ ಮುಂದೆ ಹಾಜರಾಗಲು ಅವಕಾಶವೇ, ಒಂದು ಖಂಡವನ್ನು ತಡೆಹಿಡಿಯುವುದೇ? ಎಲ್ಲವನ್ನೂ ರದ್ದುಪಡಿಸಿ ಎಂದು ಕೇಳಿದವರಿಗೆ ಏನೂ ಸಿಗದಿರುವ ಸಂಭವವೇ ಹೆಚ್ಚು.

ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕು. ಬ್ಯೂರೋ ರೂಪಿಸುವ ಮಾನಕ ತಾನಾಗಿಯೇ ಕಡ್ಡಾಯವಲ್ಲ. ಕಾಯ್ದೆಯ 16ನೆಯ ಪ್ರಕರಣದಡಿ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದಾಗ ಅದು ಕಡ್ಡಾಯವಾಗುತ್ತದೆ. ಪರೀಕ್ಷಾ ವಿಧಾನದ ಬಗ್ಗೆ ತಕರಾರಿದ್ದರೆ ಬ್ಯೂರೋದ ಸಮಿತಿ. ಜಾರಿಯ ದಿನಾಂಕ ಅಥವಾ ವಿನಾಯಿತಿಯ ಬಗ್ಗೆ ಅಹವಾಲಿದ್ದರೆ ಆದೇಶ ಹೊರಡಿಸಿದ ಇಲಾಖೆ. ಆಟಿಕೆಗಳ ಆದೇಶ ಇದಕ್ಕೆ ತಕ್ಕ ಉದಾಹರಣೆ. 2020ರ ಫೆಬ್ರವರಿಯಲ್ಲಿ ಹೊರಟ ಆದೇಶ ಅದೇ ಸೆಪ್ಟೆಂಬರ್ 1ರಿಂದ ಜಾರಿಯಾಗಬೇಕಿತ್ತು. ಅದನ್ನು 2021ರ ಜನವರಿ 1ಕ್ಕೆ ಮುಂದೂಡಲಾಯಿತು. ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿಯು, ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ನೋಂದಾಯಿತ ಮಾಲೀಕರು ಮತ್ತು ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಿತು. ಭೌಗೋಳಿಕ ಸೂಚಿ ಪಡೆದಿರುವ ಚನ್ನಪಟ್ಟಣದ ಬಣ್ಣದ ಆಟಿಕೆಗಳನ್ನು ತಿರುಗಣಿ ಯಂತ್ರದ ಮೇಲೆ ತಯಾರಿಸುವವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಗಮನಿಸಬೇಕಾದದ್ದೆಂದರೆ, ಆಟಿಕೆಯ ಸುರಕ್ಷತೆಯ ಮಾನಕವಾದ ಐಎಸ್ 9873ರಲ್ಲಿ ಇದಕ್ಕಾಗಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ, ಬದಲಾದದ್ದು ಆದೇಶ. ಹಾಗೆಯೇ, ಈ ಎರಡು ಪಟ್ಟಿಗಳಲ್ಲಿ ಯಾವುದರಲ್ಲಿಯೂ ಹೆಸರು ನೋಂದಾಯಿಸದ ಸಣ್ಣ ಘಟಕಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಸಮಿತಿಯಲ್ಲಿ ಸ್ಥಾನ ಪಡೆಯುವುದು ಒಂಟಿ ಉದ್ದಿಮೆಗೆ ಕಷ್ಟವಾದರೂ ಸಂಘಗಳಿಗೆ, ವಾಣಿಜ್ಯ ಮಂಡಳಿಗಳಿಗೆ ಅಸಾಧ್ಯವಲ್ಲ. ಕರಡುಗಳನ್ನು ಬ್ಯೂರೋದ ಜಾಲತಾಣದಲ್ಲಿ ನೋಡಬಹುದು. ಬೆಂಗಳೂರಿನ ಪೀಣ್ಯದಲ್ಲಿರುವ ಶಾಖಾ ಕಚೇರಿಯಲ್ಲಿಯೂ ವಿಚಾರಿಸಬಹುದು. 60 ದಿನಗಳು ಕಳೆದುಹೋದರೂ ಎಲ್ಲವೂ ಮುಗಿದಂತಲ್ಲ. ಪ್ರತಿಯೊಂದು ಭಾರತೀಯ ಮಾನಕವನ್ನೂ ಕನಿಷ್ಠ ಐದು ವರ್ಷಗಳಿಗೊಮ್ಮೆ ಮರುಪರಿಶೀಲಿಸಬೇಕೆಂಬ ನಿಯಮವಿದೆ. ಹಿಂದೆ ಸಲ್ಲಿಸಿದ ಅಭಿಪ್ರಾಯದ ನಕಲು, ಅದರ ಸ್ವೀಕೃತಿ ಮತ್ತು ಅದಕ್ಕೆ ಬಂದ, ಅಥವಾ ಬಾರದ, ಉತ್ತರ ಕಡತದಲ್ಲಿದ್ದರೆ ಆ ಮರುಪರಿಶೀಲನೆಯ ವೇಳೆ ಸಮಿತಿಯ ಮುಂದೆ ಅವುಗಳನ್ನು ಮತ್ತೆ ಇಡಬಹುದು.